ಸಲಹೆ ಕೇಳಿದ್ದಕ್ಕೆ ಓದು ಕಳೆದುಕೊಂಡ ನನ್ನ ಸೊಸೆ

ವಿಶ್ವವಿದ್ಯಾಲಯದ ಶೈಕ್ಷಣಿಕ ಸಲಹಾ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಕೇಂದ್ರ ಕೊಟ್ಟ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದ ಕಾರಣಕ್ಕೆ ನನ್ನ ಸೊಸೆಯ ಪ್ರವೇಶವನ್ನು ನಿಮ್ಮ ವಿಶ್ವವಿದ್ಯಾಲಯ ರದ್ದು ಮಾಡಿದೆ. ಆ ಸಲಹೆಯನ್ನೇ ಕೊಡದೆ ಇದ್ದಿದ್ದರೆ ಅವಳು ಇವತ್ತೂ ರಸಾಯನಶಾಸ್ತ್ರ ಓದುತ್ತಿರುತ್ತಿದ್ದಳು. ಇದನ್ನು ಮುಖತಃ ಹೇಳೋಣವೆಂದು ಬಂದಿದ್ದೆ. ನೀವು ಕಾರಿಡಾರಿನಲ್ಲಿ ನಡೆಯುತ್ತಲೇ "ಬರವಣಿಗೆಯಲ್ಲಿ ಕೊಡಿ" ಎಂದು ಲಿಫ್ಟಿನೊಳಗೆ ಹೋದಿರಿ. ಕೊಡುತ್ತಿದ್ದೇನೆ. ನಿಮ್ಮೊಬ್ಬರಿಗೇ ಕೊಟ್ಟರೆ ಅದು ಯಾವ ಕಪಾಟು ಸೇರುತ್ತದೆಂದು ಗೊತ್ತಿರುವುದರಿಂದ ನಾಲ್ಕು ಜನಕ್ಕೆ ಕಾಣುವಂತೆ ಕೊಡುತ್ತಿದ್ದೇನೆ. ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿ ಕೂದಲು ಬೆಳ್ಳಗಾದವಳು ನಾನು. 'ಪರಿಶೀಲಿಸಲಾಗುವುದು' ಎಂಬ ಮಾತನ್ನು ನನ್ನ ಕೈ ನಿದ್ದೆಯಲ್ಲೂ ಬರೆಯಬಲ್ಲದು. ದಯವಿಟ್ಟು ಅದೊಂದು ಉತ್ತರವನ್ನು ಮಾತ್ರ ಕಳಿಸಬೇಡಿ.

ಮೊದಲು ನನ್ನ ಸೊಸೆಯ ವಿಚಾರ. ಮದುವೆಯಾಗಿ ನಮ್ಮ ಮನೆಗೆ ಬಂದಾಗಲೇ ಅವಳು ಮುಂದೆ ಓದುವುದೆಂದು ಮಾತಾಗಿತ್ತು. ನನ್ನ ಮಗ ಆಸ್ಪತ್ರೆಯಲ್ಲಿ ಪಾಳಿಯ ಮೇಲೆ ದುಡಿಯುವ ನರ್ಸು. ಅವನಿಗೂ ನನಗೂ ಮನೆಯಲ್ಲೊಬ್ಬಳು ಸೀಸೆಗಳ ನಡುವೆ ನಿಂತು ಏನನ್ನೋ ಕಂಡುಹಿಡಿಯುತ್ತಾಳೆಂಬ ಜಂಬ. ಮೊದಲ ವರ್ಷ ಚೆನ್ನಾಗಿಯೇ ಮುಗಿಸಿದಳು. ರಜೆಯಲ್ಲಿ ಬಂದ ಜ್ವರ ಬಿಟ್ಟು ಹೋಗುವಾಗ ಅವಳ ಒಂದು ಕಿವಿಯನ್ನು ಪೂರ್ತಿ, ಇನ್ನೊಂದನ್ನು ಅರ್ಧ ತೆಗೆದುಕೊಂಡು ಹೋಯಿತು. ಎದುರಿಗೆ ಕೂತು ಮುಖ ನೋಡಿ ಮಾತಾಡಿದರೆ ಎಲ್ಲ ತಿಳಿಯುತ್ತದೆ. ಬೆನ್ನು ತಿರುಗಿಸಿ ಬೋರ್ಡಿಗೆ ಪಾಠ ಹೇಳುವ ಮೇಷ್ಟರುಗಳ ಮಾತು ತಿಳಿಯುವುದಿಲ್ಲ. ಎರಡನೇ ವರ್ಷದ ಮೊದಲ ಪರೀಕ್ಷೆಯಲ್ಲಿ ಎರಡು ವಿಷಯ ಹೋಯಿತು. ನಿಮ್ಮವರು ಅವಳನ್ನು ಎಚ್ಚರಿಕೆಯ ಪಟ್ಟಿಗೆ ಸೇರಿಸಿ, ಸಲಹೆ ಪಡೆಯುವುದು ಕಡ್ಡಾಯ ಎಂದರು. ನಾವು ಸಂತೋಷಪಟ್ಟೆವು! ಕೇಳುವವರು ಒಬ್ಬರಾದರೂ ಸಿಕ್ಕರಲ್ಲ ಎಂದುಕೊಂಡೆವು.

ನಿಮ್ಮ ಸಲಹೆಗಾರ್ತಿಯ ಕೋಣೆಯನ್ನು ನಾನೂ ನೋಡಿದ್ದೇನೆ. ಮೆತ್ತನೆಯ ಕುರ್ಚಿ, ನಗುವ ಮುಖಗಳ ಭಿತ್ತಿಪತ್ರ, ಗಡಗಡ ಸದ್ದು ಮಾಡುವ ಏಸಿ. ಆಕೆಯ ಕಂಪ್ಯೂಟರು ಪಕ್ಕದ ಗೋಡೆಗಿದೆ. ಆದ್ದರಿಂದ ಆಕೆ ಗೋಡೆಗೆ ಮುಖ ಮಾಡಿ ಪ್ರಶ್ನೆ ಕೇಳುತ್ತಾರೆ, ಗೋಡೆಗೆ ಮುಖ ಮಾಡಿಯೇ ಉತ್ತರ ಟೈಪು ಮಾಡುತ್ತಾರೆ. ನನ್ನ ಸೊಸೆ ಕೂತ ಕೂಡಲೇ ತನಗೆ ಕಿವಿ ಸರಿಯಾಗಿ ಕೇಳುವುದಿಲ್ಲವೆಂದೂ, ಮುಂದಿನ ಸಾಲಿನಲ್ಲಿ ಜಾಗ ಮತ್ತು ಪಾಠದ ಟಿಪ್ಪಣಿ ಕೊಡಿಸಿದರೆ ಸಾಕೆಂದೂ ಹೇಳಿದಳು. ಆಕೆ ಟೈಪು ಮಾಡಿದರು. ಆಮೇಲೆ ಒಂದೇ ಒಂದು ಸಲ ಇತ್ತ ತಿರುಗಿ, ದನಿ ತಗ್ಗಿಸಿ ಕೇಳಿದರಂತೆ:

"ಮನೇಲಿ ಅತ್ತೆ ಇದಾರಾ?"

"ಇದಾರೆ."

"ಜೊತೇಲೇ ಇರ್ತಾರಾ? ಹಾಗಾದ್ರೆ ನನಗೆ ಅರ್ಥ ಆಯ್ತು ಬಿಡಮ್ಮ."

ಏನು ಅರ್ಥವಾಯಿತು, ಮಾನ್ಯರೇ? ಕಿವಿ ಕೇಳದವಳು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿದರೂ ಕಿವಿ ನೆಟ್ಟಗಿರುವವರಿಗೆ ಅದು ಕೇಳಿಸಲಿಲ್ಲ. ಹೇಳದೇ ಇದ್ದ ಅತ್ತೆಯ ಕಾಟ ಮಾತ್ರ ಸ್ಪಷ್ಟವಾಗಿ ಕೇಳಿಸಿತು! 'ಕೌಟುಂಬಿಕ ಒತ್ತಡ, ಸಮಯದ ನಿರ್ವಹಣೆ ದುರ್ಬಲ' ಎಂದು ರೋಗ ಪತ್ತೆಯಾಯಿತು. ಮದ್ದೆಂದು ವಾರಕ್ಕೊಂದು ಸಮಯ ನಿರ್ವಹಣೆಯ ತರಗತಿ ನಿಗದಿಯಾಯಿತು. ತಪ್ಪಿಸಿದರೆ ಪ್ರವೇಶ ರದ್ದು ಎಂಬ ಪ್ರೀತಿಯ ಮಾತೂ ಸೇರಿತು.

ತರಗತಿ ಬುಧವಾರ ಮಧ್ಯಾಹ್ನ. ಅವಳ ಪ್ರಯೋಗಾಲಯವೂ ಬುಧವಾರ ಮಧ್ಯಾಹ್ನ. ಎರಡೂ ಒಂದೇ ಹೊತ್ತಿಗೆ ಬೀಳುತ್ತವೆಂದು ಹೇಳಿದಾಗ ಸಲಹೆಗಾರ್ತಿ ನಕ್ಕು, ಹೊತ್ತು ಹೊಂದಿಸಿಕೊಳ್ಳುವುದನ್ನೇ ಅಲ್ಲಿ ಕಲಿಸುತ್ತಾರೆ ಎಂದರಂತೆ. ಒಬ್ಬಳೇ ಹುಡುಗಿ ಎರಡು ಕಟ್ಟಡಗಳಲ್ಲಿ ಒಟ್ಟಿಗೆ ಕೂರುವ ವಿದ್ಯೆಯನ್ನು ಅಲ್ಲಿ ಎಷ್ಟನೇ ವಾರದಲ್ಲಿ ಕಲಿಸುತ್ತಾರೆ? ಅವಳು ಹೆದರಿದ್ದಳು. ನಿಮ್ಮ ತರಗತಿಗೇ ಹೋದಳು. ಇಡೀ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಕಿವಿಯ ಹಂಗಿಲ್ಲದೆ ತಿಳಿಯುತ್ತಿದ್ದದ್ದು ಪ್ರಯೋಗಾಲಯವೊಂದೇ. ಅಲ್ಲಿ ಮೇಷ್ಟರು ಪಕ್ಕದಲ್ಲೇ ನಿಂತು ಮಾಡಿ ತೋರಿಸುತ್ತಾರೆ, ಬಣ್ಣ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಅದನ್ನು ಬಿಡಿಸಿ, ಹಿಂದಿನ ಸಾಲಿನಲ್ಲಿ ಕೂರಿಸಿ, ಒಬ್ಬ ಯುವಕ ಮೈಕು ಹಿಡಿದು ಅತ್ತಿಂದಿತ್ತ ಓಡಾಡುತ್ತ ಹೇಳುವುದನ್ನು ಕೇಳಿಸಿದಿರಿ. ಅವಳು ಅಲ್ಲಿ ತಲೆಯಾಡಿಸುತ್ತ ಕೂತಿರುತ್ತಿದ್ದಳು.

ಮುಂದಿನದು ನಿಮ್ಮ ಯಂತ್ರದ ಕೆಲಸ. ಪ್ರಯೋಗಾಲಯದ ಹಾಜರಿ ಸಾಲದೆಂದು ಪರೀಕ್ಷೆಗೆ ಕೂರಿಸಲಿಲ್ಲ. ಕೂರದಿದ್ದರಿಂದ ಅನುತ್ತೀರ್ಣ. ಎಚ್ಚರಿಕೆಯ ಪಟ್ಟಿಯಲ್ಲಿದ್ದವಳು ಮತ್ತೆ ಅನುತ್ತೀರ್ಣಳಾದ್ದರಿಂದ ಪ್ರವೇಶ ರದ್ದು. ಅದೇ ವಾರ ನಿಮ್ಮ ಸಹಿಯಿದ್ದ ಇನ್ನೊಂದು ಕಾಗದವೂ ಬಂತು. ಸಮಯ ನಿರ್ವಹಣೆಯ ತರಗತಿಯನ್ನು ಪೂರ್ಣ ಹಾಜರಿಯೊಂದಿಗೆ ಮುಗಿಸಿದ್ದಕ್ಕೆ ಅಭಿನಂದನೆ, ಅಂಚಿಗೆ ಬಂಗಾರದ ಬಣ್ಣ. ನನ್ನ ಮಗ ಎರಡನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ.

ನಾನು ಸುಮ್ಮನಿರುವ ಪೈಕಿಯವಳಲ್ಲ. ಮಾರನೆಯ ದಿನವೇ ನಿಮ್ಮ ಕೇಂದ್ರಕ್ಕೆ ಬಂದೆ. ಯಾರು ಬೇಕೆಂದು ಸಲಹೆಗಾರ್ತಿ ಕೇಳಿದರು. ನಾನು ಇಂಥವಳ ಅತ್ತೆ ಎಂದೆ. ಆಕೆಯ ಮುಖ ನೋಡಬೇಕಿತ್ತು. ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿ, ನಾನು ಏನನ್ನೋ ಕಿತ್ತುಕೊಳ್ಳಲು ಬಂದಿರುವಂತೆ ಸಮಾಧಾನ ಹೇಳತೊಡಗಿದರು. ಹುಡುಗಿ ಮನೆಯಲ್ಲೇ ಇರುತ್ತಾಳಲ್ಲ, ಇನ್ನು ನಿಮಗೂ ಅನುಕೂಲವೇ ಆಯಿತಲ್ಲ ಎಂಬರ್ಥದ ಮಾತು.

"ಅನುಕೂಲ ಮಾಡ್ಕೊಳೋಕೆ ಬಂದಿಲ್ಲ ಕಣಮ್ಮ, ಅವಳನ್ನ ವಾಪಸ್ ಸೇರಿಸೋಕೆ ಬಂದಿದೀನಿ" ಅಂದೆ. "ಅವಳಿಗೆ ಕಿವಿ ಕೇಳಲ್ಲ. ನಿಮಗೆ ಹೇಳಿದ್ಳು ತಾನೇ?"

ಆಕೆ ಗೋಡೆಯ ಕಡೆ ತಿರುಗಿ ಕಂಪ್ಯೂಟರಿನಲ್ಲಿ ಹುಡುಕಿದರು. ಅಲ್ಲಿ ಕಿವಿಗೆ ಕಾಲಂ ಇಲ್ಲವಂತೆ. ಒತ್ತಡಕ್ಕೆ ಇದೆಯಂತೆ.

ಅಲ್ಲಿಂದ ಪ್ರಯೋಗಾಲಯದ ಮೇಷ್ಟರ ಹತ್ತಿರ ಹೋದೆ. ಅವರಿಗೆ ಅವಳು ಯಾಕೆ ಬರುವುದನ್ನು ನಿಲ್ಲಿಸಿದಳೆಂಬುದೇ ಗೊತ್ತಿರಲಿಲ್ಲ, ಮನಸ್ಸಿಲ್ಲವೇನೋ ಎಂದುಕೊಂಡಿದ್ದರಂತೆ. ನಿಮ್ಮ ಕೇಂದ್ರದಿಂದ ಯಾರೂ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ವಿಷಯ ತಿಳಿದು ಪೇಚಾಡಿಕೊಂಡರು. ತಪ್ಪಿಹೋದ ಪ್ರಯೋಗಗಳನ್ನೆಲ್ಲ ರಜೆಯಲ್ಲಿ ತಾವೇ ನಿಂತು ಮಾಡಿಸುತ್ತೇನೆಂದು ನಿಮಗೆ ಬರೆದರು. ನಾವೂ ಡಾಕ್ಟರ ಪತ್ರ ಲಗತ್ತಿಸಿ ಮೇಲ್ಮನವಿ ಕೊಟ್ಟೆವು. ನೀವು ಎರಡನ್ನೂ ಒಂದೇ ಸಾಲಿನಲ್ಲಿ ತಿರಸ್ಕರಿಸಿದಿರಿ: 'ವಿದ್ಯಾರ್ಥಿನಿಗೆ ಅಗತ್ಯವಾದ ಎಲ್ಲ ಸಲಹೆಯನ್ನೂ ಸಕಾಲದಲ್ಲಿ ನೀಡಲಾಗಿದೆ.'

ಸಲಹೆ ನೀಡಿದ್ದೀರಿ, ಒಪ್ಪಿದೆ. ಕೇಳಿಸಿಕೊಂಡದ್ದು ಯಾವಾಗ?

ಈಗ ಅವಳು ಮನೆಯಲ್ಲಿದ್ದಾಳೆ. ನಿಮ್ಮ ಸಲಹೆಗಾರ್ತಿಗೆ ಗೊತ್ತಿರದ ಒಂದು ವಿಷಯ ಹೇಳುತ್ತೇನೆ: ನಾವಿಬ್ಬರೂ ಭರ್ಜರಿಯಾಗಿ ಜಗಳವಾಡುತ್ತಿದ್ದೆವು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ, ಪಾತ್ರೆ ಎಲ್ಲಿ ಒಣಗಬೇಕು, ಪತ್ರಿಕೆಯಲ್ಲಿ ಬಂದದ್ದು ನಿಜವೋ ಸುಳ್ಳೋ, ಎಲ್ಲಕ್ಕೂ. ಅವಳು ನನ್ನ ಎದುರಿಗೆ ಬಂದು ನಿಂತು, ನನ್ನ ತುಟಿ ನೋಡಿ, ಕೊನೆಯ ಮಾತು ತನ್ನದೇ ಆಗುವವರೆಗೂ ಬಿಡುತ್ತಿರಲಿಲ್ಲ. ಈಗ ಏನು ಹೇಳಿದರೂ "ಹೂಂ ಅತ್ತೆ" ಅನ್ನುತ್ತಾಳೆ. ಕಿಟಕಿ ಮುಚ್ಚು ಅಂದರೆ ಹೂಂ, ತೆರೆ ಅಂದರೆ ಹೂಂ. ಮೊನ್ನೆ ಬೇಕೆಂದೇ ಒಂದು ತಪ್ಪು ಮಾತು ಆಡಿದೆ: ನೀರು ಕುದಿಯುವುದಕ್ಕೂ ಬಿಸಿಗೂ ಸಂಬಂಧವಿಲ್ಲ ಅಂದೆ. ಅದಕ್ಕೂ ತಲೆಯಾಡಿಸಿದಳು. ನಾನು ಸ್ನಾನದ ಕೋಣೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ.

ಹಾಗಾಗಿ ನನ್ನ ಬೇಡಿಕೆಯಲ್ಲಿ ಕೃಪೆ, ಅನುಕಂಪಗಳ ಮಾತಿಲ್ಲ. ರದ್ದತಿಯನ್ನು ಹಿಂತೆಗೆದುಕೊಳ್ಳಿ. ಆ ಮೇಷ್ಟರು ರಜೆಯಲ್ಲಿ ಪ್ರಯೋಗ ಮಾಡಿಸಲಿ, ಅವಳು ಪರೀಕ್ಷೆ ಬರೆಯಲಿ; ಬಿದ್ದರೆ ತನ್ನ ತಪ್ಪಿನಿಂದ ಬೀಳಲಿ, ನಿಮ್ಮ ತಪ್ಪಿನಿಂದಲ್ಲ. ಮುಂದಿನ ಸಾಲಿನಲ್ಲಿ ಅವಳಿಗೊಂದು ಜಾಗ ಕೊಡಿ. ಆ ಕೋಣೆಯ ಕಂಪ್ಯೂಟರನ್ನು ಎತ್ತಿ, ಕೂತವರ ಮುಖ ಕಾಣುವ ಕಡೆ ಇಡಿಸಿ. ಮತ್ತು ಅವಳನ್ನು ಕರೆಸಿ ನೀವೇ ಎದುರು ಕೂತು, ತಪ್ಪಾಯಿತು ಎಂದು ನಿಧಾನವಾಗಿ ಹೇಳಿ. ಅವಳು ತುಟಿ ಓದುತ್ತಾಳೆ. ಆಮೇಲೆ ಅವಳು ನಿಮಗೆ ತಿರುಗಿ ನಾಲ್ಕು ಮಾತು ಅಂದರೆ ದಯವಿಟ್ಟು ತಡೆಯಬೇಡಿ. ನಾನು ಬಾಗಿಲ ಹೊರಗೆ ನಿಂತು ಅದನ್ನು ಕೇಳಬೇಕು.

ಇಂತಿ,
ಮನೆಯಲ್ಲಿ ಎದುರುತ್ತರವಿಲ್ಲದೆ ಕಂಗಾಲಾಗಿರುವ,
ಒಬ್ಬಳು ಅತ್ತೆ