ಸೊಸ್ತೇರಿಲ್ಲದ ನಕಾಶೆ

ಹಿರೇಕೆರೂರಿನ ಅಕ್ಕಗ, ಕಾಕಸಸ್ ಗುಡ್ಡದಿಂದ ತಂಗಿ ಮಧುಶ್ರೀ.

ಪಕ್ಕದ ಕಣಿವಿ ಮಂದಿ ಕ, ಗ ಅನ್ನುವಾಗ ಒಲಿ ಊದೋರಂಗ ತುಟಿ ಗುಂಡಗ ಮಾಡ್ತಾರ. ಆ ದನಿ ಈ ಊರಿಗೂ ದಾಟೇತೇನು ಅಂತ ನೋಡಾಕ ಬಂದೇವಿ. ನಮ್ಮ ಪ್ರೊಫೆಸರ್ ಮಹಾಶಯ ನಾವು ಇಳಕೊಂಡ ಮನಿ ಯಜಮಾನನ ಜೋಡಿ ಕುರಿ ಖಂಡ ತಿಂದು, ಅವನೊಬ್ಬನ ಮಾತು ರೆಕಾರ್ಡ್ ಮಾಡಿ, ಯಾವ ಊರಾಗ ಯಾವ ದನಿ ಐತಿ ಅಂತ ತೋರಸೂ ನಕಾಶೆದಾಗ 'ಇಲ್ಲಿ ಇಲ್ಲ' ಅಂತ ಬರದಾನ. ಆ ಕಣಿವಿಯಿಂದ ಲಗ್ನಾಗಿ ಬಂದ ಅವನ ಸೊಸ್ತೇರು ಅಲ್ಲೇ ಬಡಸಾಕತ್ತಿದ್ರು. ಮಾವನ ಮುಂದ ಸೊಸಿ ಬಾಯಿ ಬಿಡೂದು ಇಲ್ಲೂ ರೂಢಿ ಇಲ್ಲ. ಅಡಗಿಮನ್ಯಾಗ ನೋಡಿದ್ರ ಅವರ ಮಕ್ಕಳೂ ತುಟಿ ಗುಂಡಗ ಮಾಡೇ ಜಗಳಾಡ್ತಾವ. ನಾ ಹೇಳಿದ್ರ, 'ಹೆಂಗಸರ ಹರಟಿ ಲೆಕ್ಕಕ್ಕಿಲ್ಲ' ಅಂದ, ದೊಡ್ಡ ಶಾಣ್ಯಾ!

ನೆಗಡಿ ಕಡಿಮ್ಯಾಗೇತಿ, ಅವ್ವಗ ಹೇಳು. ಜೀಪು ಹಾರ್ನ್ ಹೊಡ್ಯಾಕತ್ತೇತಿ. ಈ ಪಂಡಿತ ನಿಮ್ಮನಿಗೆ ಬಂದ್ರ, ನಿಮ್ಮ ಮಾವನ್ನ ಮಾತಾಡಿಸಿ, ನಿನ್ನ ಹೆಸರಿನ ಮುಂದ 'ಮೂಕಿ' ಅಂತ ಬರಕೊಂಡು ಹೋಗ್ತಾನ.