ಬಲಗೈ ಖಾಲಿ ಇಲ್ಲ

ಜೂನ್ 3, 1958. ಮಂಗಳವಾರ

ಕ್ಯಾಪ್ಟನ್‌ನ ಕೆಂಪು ಕೇಪ್ ಮತ್ತೆ ಹರಿದು ಬಂದಿದೆ. ಹಾರುವ ಮನುಷ್ಯನಿಗೆ ಬೆನ್ನಿಗೊಂದು ಬಟ್ಟೆ ಯಾಕೆ ಬೇಕೋ... ವಿಮಾನಕ್ಕೆ ಯಾರಾದರೂ ಪರದೆ ಕಟ್ಟುತ್ತಾರೆಯೇ? ಹೇಳಿದರೆ ಮುಖ ಊದಿಸಿಕೊಳ್ಳುತ್ತಾನೆ. ಎರಡು ಸಲ ಒಗೆದೆ, ಮೀನಿನ ವಾಸನೆ ಹೋಗಲಿಲ್ಲ. ನಮ್ಮ ಗುಪ್ತ ನೆಲೆ ಇರುವುದು ಫುಲ್ಟನ್ ಮೀನು ಮಾರುಕಟ್ಟೆಯ ನೆಲಮಾಳಿಗೆಯಲ್ಲಿ. ಭೂಮಿಯನ್ನು ಕಾಯುವವರು ಬಂದರೆಂದು ಜನರ ಮೂಗಿಗೆ ಮೊದಲು ತಿಳಿಯುತ್ತದೆ.

ಎದುರುಮನೆಯ ಮಿಸೆಸ್ ಹಾಲ್ವರ್ಸನ್ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದಳು. ಲಂಗದ ಅಂಚು ಮಡಚಿ ಹೊಲಿಯಬೇಕಂತೆ. ಕಣ್ಣೆಲ್ಲ ಕೇಪಿನ ಮೇಲೆ.

"ಯಾರದ್ದೇ ಇದು, ಇಷ್ಟುದ್ದ?"

"ಸರ್ಕಸ್‌ನೋರದ್ದು."

ಪೂರ್ತಿ ಸುಳ್ಳೇನಲ್ಲ.

ಮೇಲಿನ ಕೋಣೆಯಲ್ಲಿ ಕೀಬ್ ರೇಡಿಯೋ ಹಾಕಿಕೊಂಡಿದ್ದಾನೆ. ಬೇಸ್‌ಬಾಲ್. ನಮ್ಮ ಬ್ರೂಕ್ಲಿನ್ ತಂಡ ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ನಾನು ಕೇಳುವುದು ಬಿಟ್ಟೆ. ಅವನು ಬಿಟ್ಟಿಲ್ಲ. ಯಾವ ತಂಡ ಸೋಲುತ್ತಿದೆಯೋ ಅದರ ಪರ ಕೂಗುತ್ತಾನೆ. ಆಕಾಶದ ಯಾವ ಮೂಲೆಯಲ್ಲಿ ಹುಟ್ಟಿದರೇನು, ಬ್ರೂಕ್ಲಿನ್‌ನವನೇ. ಬೀದಿಯವರಿಗೆ ಅವನು ಲಿವರ್ ಕೆಟ್ಟ ಫಿನ್‌ಲೆಂಡಿನ ನಾವಿಕ. ಮೈ ಹಸಿರಾಗಿರುವುದಕ್ಕೆ ಬೇರೆ ಯಾವ ಕಾರಣ ಕೊಡಲಿ?

ಜೂನ್ 5, ಗುರುವಾರ

ಆಕಾಶದಾಚೆಯಿಂದ ಗೊರ್ವಾಕರು ಮತ್ತೆ ಬಂದಿದ್ದರು, ಊರು ಸುಡಲು. ಈ ಸಲ ಸೇತುವೆಯ ಮೇಲೆ, ಜನ ಕೆಲಸಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ. ದರಿದ್ರದವರು.

ಹೊರಡುವ ಮೊದಲು ಎಂದಿನಂತೆ ನಮ್ಮ ಚತುಷ್ಟಯದ ನಾಲ್ವರೂ — ಕ್ಯಾಪ್ಟನ್, ಮಾರ್ಟ್, ಕೀಬ್, ನಾನು — ಬಲಗೈಯ ಗವಸು ತೆಗೆದು ಮೇಜಿನ ಮೇಲಿಟ್ಟೆವು. ಇಟ್ಟರೆ ಒಪ್ಪಿಗೆ. ಒಂದು ಕಡಿಮೆಯಾದರೂ ಯಾರೂ ಮಿಸುಕುವಂತಿಲ್ಲ. ಮೊದಲ ವರ್ಷ ಪರಸ್ಪರ ಶತ್ರುವೆಂದು ತಿಳಿದು ನಾವೇ ಹೊಡೆದಾಡಿ ಒಂದು ಹಡಗುಕಟ್ಟೆಯನ್ನು ಪುಡಿ ಮಾಡಿದ್ದೆವು. ಆಮೇಲೆ ಬಂದ ಪದ್ಧತಿ ಇದು.

ಕ್ಯಾಪ್ಟನ್ ಮೇಲಿನಿಂದ ಗುದ್ದಿದ. ಮಾರ್ಟ್ ಅವರ ಹಾರುವ ಹಡಗಿನ ಗೋಡೆಯೊಳಗಿಂದ ನಡೆದುಹೋಗಿ ತಂತಿ ಕಿತ್ತ. ನಾನು ಹಡಗಿನ ಬಾಲ ಹಿಡಿದೆ. ನನ್ನ ಕೆಲಸ ಅಷ್ಟೇ — ಹಿಡಿದರೆ ಬಿಡಿಸಲು ಯಾರಿಂದಲೂ ಆಗುವುದಿಲ್ಲ, ಕಾಲು ನೆಲಕ್ಕೆ ಬೇರು ಬಿಟ್ಟುಬಿಡುತ್ತದೆ. ಪೇಪರಿನವರು 'ಲೇಡಿ ಇಕ್ಕಳ' ಎಂದು ಹೆಸರಿಟ್ಟಿದ್ದಾರೆ. ಕ್ಯಾಪ್ಟನ್‌ಗೆ ಮಾತ್ರ 'ಆಕಾಶದ ಗಿಡುಗ'. ಇರಲಿ.

ಉಳಿಸಿದವನು ಕೀಬ್. ಅವರ ಹಡಗುಗಳಿಗೆ ಜೀವವಿದೆಯಂತೆ. ಇವನು ಹಿಂದೆ ಅವರಲ್ಲಿ ಚುಕ್ಕಾಣಿ ಹಿಡಿಯುತ್ತಿದ್ದವನು. ಊರು ಸುಡು ಎಂದಾಗ ಸುಡಲಾರೆ ಎಂದು ಹಾರಿ ನಮ್ಮ ನದಿಗೆ ಬಿದ್ದ. ಈಗ ಅವನು ಮೈ ಸವರಿದರೆ ಸಾಕು, ಹಡಗು ಮಗುವಿನಂತೆ ನಿದ್ದೆ ಹೋಗುತ್ತದೆ. ಮೇಲೆ ಸುತ್ತುವ ತಾಯಿಹಡಗು ಮಾತ್ರ ಕೆಳಗಿಳಿಯುವುದೇ ಇಲ್ಲ. ಅದಕ್ಕೆ ಇವನ ಕೈ ಗೊತ್ತು.

ಮೊಣಕೈ ನೋಯುತ್ತಿದೆ. ಐವತ್ತಮೂರನೆಯ ವಯಸ್ಸಿಗೆ ಇದೆಲ್ಲ ಬೇಕಿತ್ತೇ? ಬೇಕಿತ್ತು.

ಜೂನ್ 9, ಸೋಮವಾರ

ಊರಿನ ಎಲ್ಲ ರೇಡಿಯೋಗಳಲ್ಲಿ ಒಂದೇ ದನಿ. ಆಟದ ಮಧ್ಯದಲ್ಲೇ.

"ನಮ್ಮ ಚುಕ್ಕಾಣಿಗನನ್ನು ಕೊಡಿ. ಶನಿವಾರ ಮಧ್ಯಾಹ್ನ, ಬ್ಯಾಟರಿ ಪಾರ್ಕಿನಲ್ಲಿ. ಕೊಟ್ಟರೆ ಹೊರಟುಹೋಗುತ್ತೇವೆ. ಕೊಡದಿದ್ದರೆ ಸುಡುತ್ತೇವೆ."

ಹಸಿರು ಮೈ, ಕೈಗೆ ಆರು ಬೆರಳು ಎಂದು ಗುರುತೂ ಹೇಳಿದರು. ಮಿಸೆಸ್ ಹಾಲ್ವರ್ಸನ್ ತನ್ನ ಕಿಟಕಿಯಿಂದ ನನ್ನ ಮೇಲಿನ ಕೋಣೆಯನ್ನೇ ನೋಡುತ್ತಿದ್ದಳು. ಕೈ ಬೀಸಿದೆ. ಪರದೆ ಎಳೆದುಕೊಂಡಳು.

ಕೀಬ್ ರೇಡಿಯೋ ಆರಿಸಿ ಕೆಳಗೆ ಬಂದ. "ಯಾರು ಗೆದ್ರು ಅಂತ ಗೊತ್ತಾಗ್ಲೇ ಇಲ್ಲ ಮಿಸೆಸ್ ಆಸ್ಲಂಡ್," ಎಂದ.

ಜೂನ್ 11, ಬುಧವಾರ

ಸಭೆ. ಸೈನ್ಯದ ಕರ್ನಲ್ ಒಬ್ಬ ಮೂಗಿಗೆ ಕರವಸ್ತ್ರ ಹಿಡಿದು ಮೂಲೆಯಲ್ಲಿ ಕುಳಿತಿದ್ದ. ನಾಲ್ವರೂ ಒಪ್ಪಿದರೆ ಮಾತ್ರ ಕೀಬ್‌ನನ್ನು ಮುಟ್ಟುತ್ತೇವೆ ಎಂದು ಸರ್ಕಾರದ ಮಾತು. ನಮ್ಮೊಂದಿಗೆ ಜಗಳ ಕಾಯಲು ಅವರಿಗೂ ಧೈರ್ಯವಿಲ್ಲ.

ಕ್ಯಾಪ್ಟನ್ ನಿಂತು ಮಾತಾಡಿದ. ಕೂತು ಮಾತಾಡಲು ಅವನಿಗೆ ಬರುವುದಿಲ್ಲ.

"ಇಡೀ ಊರು ಒಂದ್ ಕಡೆ, ಒಬ್ಬ ಇನ್ನೊಂದ್ ಕಡೆ. ನಂಗೇನು ಖುಷೀನಾ ಗುದ್ರುನ್? ಆದ್ರೆ ಲೆಕ್ಕ ಲೆಕ್ಕಾನೇ."

"ಲೆಕ್ಕಾನೇ ಆದ್ರೆ ಸರಿಯಾಗ್ ಹಾಕು ವೆಂಡೆಲ್. ಅವ್ರು ಮೇಲೇನೇ ಸುತ್ತುತ್ತಾ ಇರೋದು ಯಾರಿಗ್ ಹೆದರಿ? ಇವನಿಗೆ. ಇವನ್ನ ಕೊಟ್ಟ ಮಾರನೇ ದಿನ ಊರು ಕಾಯೋದ್ಯಾರು? ನಿನ್ನ ಕೇಪಾ?" ಎಂದೆ.

ಮಾರ್ಟ್ ನಕ್ಕ. ನಕ್ಕು, ನನ್ನ ಮುಖ ನೋಡದೆ ಗವಸು ಮೇಜಿನ ಮೇಲಿಟ್ಟ.

"ಬ್ರಾಂಕ್ಸ್‌ನಲ್ಲಿ ಅಮ್ಮ ಇದಾಳೆ," ಎಂದ. "ಗೋಡೆ ಆಚೆ ಹೋಗೋಕೆ ನಂಗೊಬ್ಬನಿಗೆ ತಾನೆ ಬರೋದು. ಅವಳನ್ನ ಎತ್ಕೊಂಡ್ ಹೋಗೋಕಾಗಲ್ಲ."

ಕ್ಯಾಪ್ಟನ್ ಇಟ್ಟ. ಆಮೇಲೆ ಕೀಬ್ ತನ್ನ ಗವಸು ತೆಗೆದ. ಆರು ಬೆರಳಿನದು. ನಾನೇ ಹೊಲಿದದ್ದು, ಆರನೆಯ ಬೆರಳು ಕೂರದೆ ಎಷ್ಟು ಸಲ ಬಿಚ್ಚಿದ್ದೆನೋ. ಅದನ್ನು ಮೆಲ್ಲಗೆ, ಉಳಿದೆರಡರ ಪಕ್ಕ, ಸಾಲಾಗಿ ಇಟ್ಟ.

ಎಲ್ಲರೂ ನನ್ನ ಕೈ ನೋಡಿದರು. ಮುಷ್ಟಿ ಕಟ್ಟಿ ಕಂಕುಳಲ್ಲಿಟ್ಟುಕೊಂಡೆ.

"ಇಡಲ್ಲ."

"ಗುದ್ರುನ್, ನೀನೊಬ್ಳು —" ಎಂದ ಕ್ಯಾಪ್ಟನ್.

"ನಾನೊಬ್ಳೇ. ಸಾಕು ತಾನೆ? ಪದ್ಧತಿ ಮಾಡ್ದೋನು ನೀನೇ."

ಕೀಬ್‌ನ ಭುಜ ಹಿಡಿದು ಎಬ್ಬಿಸಿ ಸಬ್‌ವೇ ರೈಲು ಹತ್ತಿಸಿದೆ. ದಾರಿಯುದ್ದಕ್ಕೂ ಬೈದೆ. ಅವನನ್ನೋ, ಅವರನ್ನೋ, ನನಗೇ ಗೊತ್ತಿಲ್ಲ.

ಜೂನ್ 12, ಗುರುವಾರ

ಅಂಗಡಿಯ ಗಾಜಿಗೆ ಇಟ್ಟಿಗೆ ಬಿತ್ತು. ಗಿರಾಕಿಗಳು ಒಬ್ಬರೂ ಇಲ್ಲ. ಮಿಸೆಸ್ ಹಾಲ್ವರ್ಸನ್ ತನ್ನ ಲಂಗವನ್ನು ಹಾಗೇ, ಅರ್ಧ ಹೊಲಿದದ್ದನ್ನೇ ಕೊಂಡುಹೋದಳು. ಗುಂಡುಸೂಜಿ ಚುಚ್ಚಲಿ.

ಮೀನಿನ ಕಟ್ಲೆಟ್ ಕರಿದೆ. ಕೀಬ್ ತಟ್ಟೆ ಮುಟ್ಟಲಿಲ್ಲ.

"ನಿಮ್ಮ ಕಿಟಕಿ ನನ್ನಿಂದ ಒಡೀತು ಮಿಸೆಸ್ ಆಸ್ಲಂಡ್."

"ಕಿಟಕಿ ಒಡೆದಿದ್ದು ಇಟ್ಟಿಗೆಯಿಂದ. ತಿನ್ನು ಸುಮ್ನೆ."

"ನಾನ್ ಹೋದ್ರೆ ಅವ್ರು ನನ್ನ ಕೊಲ್ಲಲ್ಲ. ಮತ್ತೆ ಚುಕ್ಕಾಣಿಗೆ ಕಟ್ಟಿ ಹಾಕ್ತಾರೆ. ಆಮೇಲೆ ನನ್ ಕೈಯಿಂದಾನೇ..." ಇಷ್ಟು ದಿನ ಇದನ್ನು ಹೇಳಿರಲಿಲ್ಲ.

"ಮತ್ಯಾಕೋ ಗವಸು ಇಟ್ಟೆ, ಬುದ್ಧಿ ಇಲ್ದೋನೆ?"

"ಎಲ್ರೂ ಇಟ್ರಲ್ಲ. ನಾನೊಬ್ಬ ಇಡದಿದ್ರೆ ನಿಮ್ಮೋನು ಅನಿಸ್ಕೊಳ್ಳೋದು ಹೇಗೆ?"

ಸಿಟ್ಟು ಬಂತು. ಅಳುವೂ ಬಂತು. ಇನ್ನೆರಡು ಕಟ್ಲೆಟ್ ಬಡಿಸಿದೆ.

ನನ್ನ ಗಂಡ ತ್ರಿಗ್ವೆಯ ಹಡಗು ಮುಳುಗಿದಾಗ ಅವನ ಕೈ ಹಿಡಿಯಲು ಅಲ್ಲಿ ಯಾರೂ ಇರಲಿಲ್ಲ. ಇಲ್ಲಿ ನಾನಿದ್ದೇನೆ. ಬ್ರೂಕ್ಲಿನ್ ಒಂದು ಸಲ ತನ್ನ ತಂಡವನ್ನು ಬಿಟ್ಟುಕೊಟ್ಟದ್ದು ಸಾಕು.

ಜೂನ್ 13, ಶುಕ್ರವಾರ

ಗಾಜು ತರಲು ಹೋಗಿದ್ದೆ. ಬರುವಷ್ಟರಲ್ಲಿ ಮೇಲಿನ ಕೋಣೆ ಖಾಲಿ. ರೇಡಿಯೋ ಮಾತ್ರ ಇತ್ತು, ಇನ್ನೂ ಬೆಚ್ಚಗೆ.

ಮಾರ್ಟ್ ಅಡುಗೆಮನೆಯ ಗೋಡೆಯೊಳಗಿಂದ ಬಂದ. ಬಾಗಿಲು ಅವನಿಗೆ ಎಂದೂ ಬೇಕಾಗಿಲ್ಲ. ಆದರೆ ಇವತ್ತು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ಕರ್ನಲ್ ಕರ್ಕೊಂಡ್ ಹೋದ. ನಾಲ್ಕೂ ಗವಸು ಮೇಜಿನ ಮೇಲಿತ್ತು ಗುದ್ರುನ್."

"ನನ್ನದು ಇಲ್ಲಿದೆ!" ಕೈ ಅವನ ಮುಖದ ಮುಂದೆ ಹಿಡಿದೆ.

"ಕಪಾಟಿನಲ್ಲಿದ್ದಿದ್ದು."

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕ್ಯಾಪ್ಟನ್‌ಗೆ ಗೆಲುವಿನ ನೆನಪುಗಳನ್ನು ಗಾಜಿನ ಕಪಾಟಿನಲ್ಲಿಡುವ ಹುಚ್ಚು. ಗೊರ್ವಾಕರ ಶಿರಸ್ತ್ರಾಣ, ಮುರಿದ ಫಿರಂಗಿ... ಜತೆಗೆ ಮೊದಲ ಯುದ್ಧದಲ್ಲಿ ನನ್ನ ಕೈಯಲ್ಲೇ ಸುಟ್ಟ ಗವಸು. ಆವತ್ತು ಎಷ್ಟು ಗೌರವದಿಂದ ಇಟ್ಟಿದ್ದ! ಅದನ್ನೇ ತೆಗೆದು ಮೇಜಿನ ಮೇಲಿಟ್ಟು, ನಾನು ಫೋನಿನಲ್ಲಿ ಒಪ್ಪಿದೆನೆಂದು ಹೇಳಿದನಂತೆ. ಕರ್ನಲ್‌ಗೆ ಹೊಸದೇನು, ಹಳೆಯದೇನು.

"ನೀನು ನೋಡ್ಕೊಂಡ್ ನಿಂತಿದ್ಯಾ?"

"ನಿಂತಿದ್ದೆ." ಮಾರ್ಟ್ ತಲೆ ಎತ್ತಲಿಲ್ಲ. "ಆಮೇಲೆ ಅಮ್ಮನ ಹತ್ರ ಹೋದೆ. ವಿಷಯ ಹೇಳ್ದೆ. ಸೂಪ್ ಸೌಟಲ್ಲೇ ಹೊಡೆದ್ಲು. 'ನಮ್ಮಪ್ಪನ್ನ ಹಿಂಗೇ ಹಿಡ್ಕೊಟ್ಟಿದ್ರೋ ನಾವ್ ಬಿಟ್ ಬಂದ ದೇಶದಲ್ಲಿ, ನಿನ್ನ ಇದಕ್ಕಾ ಹೆತ್ತೆ' ಅಂದ್ಲು. ಇಲ್ಲೇ ಹೊಡೆದ್ಲು ನೋಡು."

ಅವನು ಅತ್ತ. ಕೂರಿಸಿ ಕಾಫಿ ಕೊಟ್ಟೆ. ಕ್ಷಮಿಸಿದೆ ಎಂದು ಹೇಳಲಿಲ್ಲ. ಕಪ್ಪಿಗೆ ಸಕ್ಕರೆ ಹಾಕಿದೆ, ಅಷ್ಟೇ.

ಜೂನ್ 14, ಶನಿವಾರ, ಬೆಳಗ್ಗೆ

ಹೊರಟಿದ್ದೇನೆ. ಮುಖವಾಡ ಹಾಕುವುದಿಲ್ಲ. ವೇಷವೂ ಬೇಡ. ಅದು ಚತುಷ್ಟಯದ್ದು, ಚತುಷ್ಟಯ ಈಗ ಇಲ್ಲ. ಹೂವಿನ ಫ್ರಾಕು, ಮೇಲೆ ಅಂಗಡಿಯ ಏಪ್ರನ್, ಬಲಗೈಗೆ ಮಾತ್ರ ನಾನು ಇಡದೆ ಉಳಿಸಿಕೊಂಡ ಗವಸು. ಊರಿಗೆಲ್ಲ ಗೊತ್ತಾಗಲಿ, ಲೇಡಿ ಇಕ್ಕಳ ಎಂದರೆ ಎಂಟನೇ ಅವೆನ್ಯೂವಿನ ದರ್ಜಿ ಹೆಂಗಸು ಗುದ್ರುನ್ ಆಸ್ಲಂಡ್ ಎಂದು. ಇಟ್ಟಿಗೆ ಹೊಡೆಯುವವರಿಗೆ ವಿಳಾಸ ಗೊತ್ತೇ ಇದೆ.

ಏಪ್ರನ್ ಜೇಬಿನಲ್ಲಿ ಈ ಪುಸ್ತಕ, ಪೆನ್ಸಿಲ್, ಕಾಗದದಲ್ಲಿ ಸುತ್ತಿದ ಕಟ್ಲೆಟ್. ಕೀಬ್ ಏನೂ ತಿಂದಿರುವುದಿಲ್ಲ.

ಸಂಜೆ

ಅಕ್ಷರ ಸೊಟ್ಟ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಖಾಲಿ ಇಲ್ಲ. ಅದರಲ್ಲಿ ಕೀಬ್‌ನ ಮಣಿಕಟ್ಟು ಇದೆ.

ಮಾರ್ಟ್ ಪುಸ್ತಕ ಹಿಡಿದಿದ್ದಾನೆ. ತಾಯಿಹಡಗು ಸುಸ್ತಾಗಿ ಎಳೆಯುವುದು ನಿಲ್ಲಿಸಿದೆ. ಮತ್ತೆ ಶುರು ಮಾಡುತ್ತದೆ. ಅಷ್ಟರಲ್ಲಿ ಬರೆದುಬಿಡಬೇಕು.

ಮಧ್ಯಾಹ್ನ ಮೇಲಿನಿಂದ ಹಳದಿ ಬೆಳಕು ಇಳಿಯಿತು, ಬಾವಿಗೆ ಹಗ್ಗ ಬಿಟ್ಟ ಹಾಗೆ. ಕೀಬ್‌ನ ಕಾಲು ನೆಲ ಬಿಟ್ಟಿತ್ತು. ಮಾರ್ಟ್ ನನ್ನನ್ನು ಸಿಪಾಯಿಗಳ ನಡುವೆ ನುಗ್ಗಿಸಿದ. ಹಾರಿ ಹಿಡಿದೆ. ಕಾಲು ಬೇರು ಬಿಟ್ಟಿತು.

ಜನ ಕೂಗಿದರು. "ಬಿಡೇ ಮುದ್ಕಿ!" ಎಂದು ಒಬ್ಬ. "ನಮ್ ಮಕ್ಳನ್ನ ಸಾಯಿಸ್ತೀಯಾ?" ಎಂದು ಇನ್ನೊಬ್ಬಳು.

"ಇವತ್ತು ಇವನ್ನ ಕೇಳ್ತಾರೆ," ಎಂದು ಕಿರುಚಿದೆ. "ನಾಳೆ ನಿನ್ ಮಗನ್ನೇ ಕೇಳ್ತಾರೆ! ಆಗ್ಲೂ ಇಲ್ಲಿಗೇ ತಂದ್ ನಿಲ್ಲಿಸ್ತೀಯಾ?"

ಹಡಗು ಎಳೆಯಿತು. ನಾನು ಬಿಡಲಿಲ್ಲ. ಪಾರ್ಕಿನ ಕಲ್ಲು ಬಿರುಕು ಬಿಟ್ಟಿತು, ಭುಜ ಕಳಚಿತು ಅನ್ನಿಸಿತು, ಬಿಡಲಿಲ್ಲ. ಸುಡುವುದಾಗಿ ಕೂಗಿತು. ಸುಟ್ಟರೆ ಅವರ ಚುಕ್ಕಾಣಿಗನೂ ಬೂದಿ. ಸುಡಲಿಲ್ಲ. ಆಮೇಲೆ ಗುಂಪಿನಿಂದ ಒಂದು ಕೈ ನನ್ನ ಸೊಂಟ ಹಿಡಿಯಿತು. ತಿರುಗಿ ನೋಡಿದರೆ ಮಿಸೆಸ್ ಹಾಲ್ವರ್ಸನ್. ಅರ್ಧ ಹೊಲಿದ ಲಂಗದಲ್ಲೇ ಬಂದಿದ್ದಾಳೆ!

"ಗುಂಡುಸೂಜಿ ಚುಚ್ಚುತ್ತೆ ಕಣೇ ಗುದ್ರುನ್," ಎಂದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಇನ್ನೊಬ್ಬರು. ಈಗ ಸಾಲು ದೋಣಿಕಟ್ಟೆಯವರೆಗೂ ಹೋಗಿದೆಯಂತೆ. ನನಗೆ ಕಾಣುವುದಿಲ್ಲ. ಬೆನ್ನಿಗೆ ಗೊತ್ತಾಗುತ್ತದೆ.

ಕೀಬ್ ಕಟ್ಲೆಟ್ ತಿಂದ. ತಿನ್ನುತ್ತ ಮೇಲೆ ನೋಡಿ ಹೇಳಿದ, "ಹಡಗು ಕೆಳಗಿಳಿದಿದೆ. ಎಳೆಯೋಕ್ ಹೋಗಿ ಅದೇ ಬಗ್ಗಿದೆ. ಇನ್ನೊಂದ್ ಸ್ವಲ್ಪ ಇಳಿದ್ರೆ ನನ್ ಕೈಗೆ ಸಿಗುತ್ತೆ. ಗುದ್ರುನ್... ನಾವೇ ಎಳೆದ್ರೆ?"

ಹೆಸರು ಹಿಡಿದು ಕರೆದದ್ದು ಇದೇ ಮೊದಲು.

ಈಗ ತಾನೇ ಕ್ಯಾಪ್ಟನ್ ಬಂದ. ಹಾರಿಕೊಂಡು ಅಲ್ಲ, ನಡೆದುಕೊಂಡು. ಕೈಯಲ್ಲಿ ನನ್ನ ಸುಟ್ಟ ಗವಸು, ಜತೆಗೆ ಮೇಜಿನ ಮೇಲೇ ಉಳಿದಿದ್ದ ಕೀಬ್‌ನ ಆರು ಬೆರಳಿನದು.

"ತಪ್ಪಾಯ್ತು," ಎಂದ. ಭಾಷಣವಿಲ್ಲ. "ಹೆದರಿದ್ದೆ ಗುದ್ರುನ್."

"ನಾನೂ ಹೆದರಿದೀನಿ. ಮೊದ್ಲು ನಿನ್ನ ಗವಸು ತೆಗಿ. ಎಳೆಯೋಕೆ ಒಪ್ಪಿಗೆ ಇದ್ರೆ ಇಡು."

ಕಲ್ಲಿನ ಮೇಲೆ ಇಟ್ಟ. ಮಾರ್ಟ್ ಇಟ್ಟ. ಕೀಬ್‌ನದನ್ನು, ಅವನು ಹೂಂ ಅಂದ ಮೇಲೆ, ಮಾರ್ಟ್ ಇಟ್ಟ. ನನ್ನದು ನಾನು ತೆಗೆಯುವಂತಿಲ್ಲ, ಕೈ ಕೀಬ್‌ನ ಮಣಿಕಟ್ಟಿನಲ್ಲಿದೆ. "ಆ ಸುಟ್ಟಿದ್ದನ್ನೇ ಇಡು ವೆಂಡೆಲ್," ಎಂದೆ. "ಈಗ ನಾನು ಹೇಳಿ ಇಡಿಸ್ತಾ ಇರೋದು."

ನಾಲ್ಕೂ ಇವೆ.

ಬೆಳಕು ಮತ್ತೆ ಹಳದಿಯಾಗುತ್ತಿದೆ. ಕ್ಯಾಪ್ಟನ್ ಮೇಲಿನಿಂದ ತಳ್ಳುತ್ತಾನೆ, ನಾವು ಕೆಳಗಿನಿಂದ ಎಳೆಯುವುದು. ಮಿಸೆಸ್ ಹಾಲ್ವರ್ಸನ್ ನನ್ನ ಏಪ್ರನ್ ದಾರ ಬಿಗಿಯುತ್ತಿದ್ದಾಳೆ. ಇನ್ನು ಎಡಗೈಯೂ ಬೇಕು. ಬಾ, ದರಿದ್ರ ಹಡಗೇ, ಇಳಿ ಕೆಳಗೆ, ನೋಡೋಣ ಯಾರು ಯಾರನ್ನ