ಬಾಲವಿದ್ದ ನಕ್ಷತ್ರ

ಅಪ್ಪಾ,

ನಿನ್ನ ಕುರ್ಚಿಯನ್ನು ಇವತ್ತು ಬದಲಾಯಿಸಿದರು. ಒಂದು ಕಾಲು ಗಿಡ್ಡವೆಂದು ನೀನು ರಟ್ಟು ಮಡಿಸಿ ಇಡುತ್ತಿದ್ದೆಯಲ್ಲ, ಅದೇ ಕುರ್ಚಿ. ಹೊಸದು ಪ್ಲಾಸ್ಟಿಕ್ಕಿನದು, ನಾಲ್ಕೂ ಕಾಲು ಸಮ. ಮ್ಯೂಸಿಯಂಗೆ ಬಂದಿರುವ ಹೊಸ ಕಾವಲುಗಾರ ಅದರಲ್ಲಿ ಕೂತು ಇಡೀ ದಿನ ಫೋನ್ ನೋಡುತ್ತಾನೆ. ಕಲ್ಲುಗಳ ಕಡೆ ಕಣ್ಣೆತ್ತುವುದಿಲ್ಲ. ಅವನದು ತಪ್ಪೆಂದು ನಾನು ಹೇಳುವುದಿಲ್ಲ. ಒಂದೇ ಕಲ್ಲನ್ನು ಹನ್ನೊಂದು ವರ್ಷ ನೋಡಿದರೆ ಏನಾಗುತ್ತದೆಂದು ನನಗೆ ಗೊತ್ತು.

ಹಳೆಯ ಕುರ್ಚಿಯನ್ನು ಗೋದಾಮಿಗೆ ನಾನೇ ಹೊತ್ತುಕೊಂಡು ಹೋದೆ. ಮಡಿಸಿದ ರಟ್ಟು ಮಾತ್ರ ನೆಲದಲ್ಲೇ ಉಳಿದಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಬಂದು ಇದನ್ನು ಬರೆಯಲು ಕೂತಿದ್ದೇನೆ. ನಾನು ನಿನಗೆ ಒಂದು ಸುಳ್ಳು ಹೇಳಿದ್ದೇನೆ ಅಪ್ಪ. ಜೀವನದಲ್ಲಿ ಹೇಳಿದ್ದು ಅದೊಂದೇ. ಅದನ್ನು ಒಪ್ಪಿಕೊಳ್ಳಬೇಕು. ಅಲ್ಲಿಗೆ ಬರಲು ಸ್ವಲ್ಪ ಸುತ್ತು ಬೇಕಾಗುತ್ತದೆ, ತಾಳು.

ಗುಬ್ಬಿ ಹೋದಾಗ ನನಗೆ ಎಂಟು ವರ್ಷ, ತಮ್ಮನಾದ ಅವನಿಗೆ ಐದು. ನಮ್ಮ ಬೀದಿಯ ತುದಿಯಲ್ಲಿ ಎತ್ತರದ ಕಂಬಗಳ ಮೇಲೆ ನೀರಿನ ಟ್ಯಾಂಕ್ ಇತ್ತು. ಅದರ ಕೆಳಗೆ ಪಾರಿವಾಳಗಳು ಕೂರುತ್ತಿದ್ದವು. ಬೆಳಿಗ್ಗೆ ಹಾಲು ತರಲು ಅವನನ್ನು ಕರೆದುಕೊಂಡು ಹೊರಟ ನೀನು, ಚಪ್ಪಲಿಯ ಪಟ್ಟಿ ಕಿತ್ತಿತೆಂದು ಬಗ್ಗಿದೆ. ಅವನು ಪಾರಿವಾಳ ಓಡಿಸಲು ಮುಂದೆ ಓಡಿದ. ಅಷ್ಟೇ. ಆಮೇಲೆ ಯಾರ್ಯಾರೋ ಬಂದು ಕಂಬ ಅಳೆದರು, ಫೋಟೊ ತೆಗೆದರು. ವಿಚಾರಣೆಯ ದಿನ ನೀನು ಏನು ನೋಡಿದೆ ಎಂದು ಅಧಿಕಾರಿ ಕೇಳಿದಾಗ, "ಆಕಾಶ ಕೆಳಗೆ ಬಂತು ಸಾರ್" ಎಂದೆಯಂತೆ. "ಕವಿತೆ ಬೇಡ, ಕಂಡಿದ್ದು ಹೇಳಿ" ಎಂದರಂತೆ ಅವರು. "ಕಂಡಿದ್ದೇ ಹೇಳ್ತಿದೀನಿ" ಎಂದೆಯಂತೆ ನೀನು. ಕೊನೆಗೆ 'ಟ್ಯಾಂಕ್ ಕುಸಿದದ್ದನ್ನು ಸಾಕ್ಷಿಯು ನೋಡಿದ್ದಾರೆ' ಎಂದು ಅವರೇ ಬರೆದುಕೊಂಡು ನಿನ್ನ ಸಹಿ ಹಾಕಿಸಿಕೊಂಡರು. ಯಾರದೂ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಆ ಸಹಿಯ ಬಗ್ಗೆ ನೀನು ಎಷ್ಟು ಸಲ ಹೇಳಿದ್ದೀಯ! ಪ್ರತಿ ಸಲವೂ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದೆ.

ಗೇಟಿನ ಕೆಲಸದಲ್ಲಿ ಜನರ ಜೊತೆ ಮಾತಾಡಲು ನಿನ್ನಿಂದ ಆಗುತ್ತಿಲ್ಲವೆಂದು ಮ್ಯೂಸಿಯಂನವರು ನಿನ್ನನ್ನು ಕಲ್ಲಿನ ಕೋಣೆಗೆ ಹಾಕಿದರು. ಅಲ್ಲಿ, ಕುರ್ಚಿಗೆ ನೇರ ಎದುರು, ಎದೆಮಟ್ಟದ ಆ ಕಪ್ಪು ಕಲ್ಲು. ಮೇಲೆ ಎಂಟು ಕಿರಣಗಳ ನಕ್ಷತ್ರ. ಅದರಿಂದ ಓರೆಯಾಗಿ ಇಳಿದ ಉದ್ದನೆಯ ಬಾಲ. ಕೆಳಗೆ ಕೈ ಮೇಲೆತ್ತಿ ನಿಂತ ಏಳು ಜನ, ಕೊನೆಯದು ಮಗು. ಪಕ್ಕದ ಫಲಕದಲ್ಲಿ ಇದ್ದದ್ದು ಎರಡೇ ಮಾತು: 'ಬಾಲವುಳ್ಳ ನಕ್ಷತ್ರ. ಕಾಲ ತಿಳಿದಿಲ್ಲ.' ಆ ಏಳು ಜನರನ್ನು ನೋಡಿದ ಮೊದಲ ದಿನವೇ, ಇವರೂ ನನ್ನ ಹಾಗೆಯೇ ಸಾಕ್ಷಿ ಹೇಳಿದವರು ಎಂದು ನಿನಗೆ ಅನ್ನಿಸಿತಂತೆ.

ಅಲ್ಲಿಂದ ಶುರುವಾಯಿತು. ನೀನು ಹಳೆಯ ಪುಸ್ತಕದಂಗಡಿಯಿಂದ ರಟ್ಟು ಕಿತ್ತುಹೋದ ಪುಸ್ತಕಗಳನ್ನು ತಂದೆ. ನಿನ್ನ ಹಾಗೆ ಯೋಚಿಸಿದವರು ಬೇರೆ ಕಡೆಯೂ ಇದ್ದರು, ವಿದ್ವಾಂಸರು ಅವರನ್ನು ಕಂಡು ನಕ್ಕಿದ್ದರು ಎಂದು ಗೊತ್ತಾಗಿ ನಿನಗೆ ಧೈರ್ಯ ಬಂತು. ಶುಕ್ರ ಮೊದಲಿನಿಂದ ಅಲ್ಲಿರಲಿಲ್ಲ, ಧೂಮಕೇತುವಾಗಿ ಬಂದು ಭೂಮಿಯ ಪಕ್ಕದಲ್ಲೇ ಹಾದುಹೋಯಿತು, ಸಮುದ್ರಗಳು ಎದ್ದವು, ಹಗಲು ಕತ್ತಲಾಯಿತು, ಉಳಿದವರು ಹೇಳಿದ್ದನ್ನು ನಾವು ಪುರಾಣ ಎಂದು ಕರೆದು ಪಕ್ಕಕ್ಕಿಟ್ಟೆವು. ಇದು ನಿನ್ನ ವಾದ. ಲೋಕದ ಎಲ್ಲ ಕಡೆ ಪ್ರಳಯದ ಕಥೆ ಇದೆಯಲ್ಲ, ಎಲ್ಲರೂ ಸೇರಿ ಒಂದೇ ಸುಳ್ಳು ಹೇಳಲು ಅವರೇನು ಸಭೆ ಸೇರಿದ್ದರೇ ಎಂದು ಕೇಳುತ್ತಿದ್ದೆ. "ಕಣ್ಣಾರೆ ಕಂಡೋರು ಸುಳ್ಳು ಹೇಳಲ್ಲ ಕಣೇ. ಅವರಿಗೆ ಪದ ಸಾಲದು, ಅಷ್ಟೇ" ಎನ್ನುತ್ತಿದ್ದೆ.

ದೂರದಿಂದ ಬಂದ ಪ್ರವಾಸಿಗಳನ್ನು ನಿಲ್ಲಿಸಿ, "ನಿಮ್ಮಜ್ಜಿ ನೀರಿನ ಕಥೆ ಏನಾದ್ರೂ ಹೇಳ್ತಿದ್ರಾ?" ಎಂದು ಕೇಳುತ್ತಿದ್ದೆ. ಕೆಲವರು ನಿಂತು ಹೇಳುತ್ತಿದ್ದರು. ಹೆಚ್ಚಿನವರು ಟಾಯ್ಲೆಟ್ ಎಲ್ಲಿದೆ ಎಂದು ತಿರುಗಿ ನಿನ್ನನ್ನೇ ಕೇಳುತ್ತಿದ್ದರು. ಹೇಳಿದವರ ಕಥೆಗಳೆಲ್ಲ ಹಳೆಯ ರಿಜಿಸ್ಟರಿನ ಹಿಂಬದಿಯ ಪುಟಗಳಲ್ಲಿ ಸೇರಿದವು. ಪಕ್ಕದ ನಾಣ್ಯದ ಕೋಣೆಯ ಅಂಕಲ್ ದಿನಾ ಬಾಗಿಲಲ್ಲಿ ಇಣುಕಿ, "ಏನಪ್ಪಾ ಜ್ಯೋತಿಷಿ, ಇವತ್ತು ಯಾವ ಗ್ರಹ ಬಿತ್ತು?" ಎನ್ನುವರು. "ನಿನ್ನ ತಲೆ ಮೇಲೇ ಬೀಳೋದಿತ್ತು, ಖಾಲಿ ಜಾಗ ಕಂಡು ವಾಪಸ್ ಹೋಯ್ತು" ಎನ್ನುವೆ ನೀನು. ನಾನು ಸ್ಕೂಲಿನಿಂದ ಬಂದು ನಿನ್ನ ಕಾಲ ಬಳಿ ಕೂತು ಇದನ್ನೆಲ್ಲ ಕೇಳುತ್ತಿದ್ದೆ.

ಬೆಳಗಿನ ಪಾಳಿಯಿದ್ದ ದಿನ ನೀನು ನನ್ನನ್ನು ಮನೆಯ ಟೆರೇಸಿಗೆ ಕರೆದುಕೊಂಡು ಹೋಗುತ್ತಿದ್ದೆ, ನೆನಪಿದೆಯಾ? ಒಣಹಾಕುವ ಹಗ್ಗಗಳ ನಡುವೆ, ಎದುರು ಮನೆಯ ಗೋಡೆಯ ಮೇಲೆ ಬೆಳ್ಳಿ, ಅದೇ ನಿನ್ನ ಶುಕ್ರ, ಮೂಡಿರುತ್ತಿತ್ತು. "ನೋಡು, ಎಷ್ಟು ಸಾಧುವಾಗಿ ಕೂತಿದೆ. ಒಂದು ಕಾಲದಲ್ಲಿ ಎಲ್ಲಾ ನುಚ್ಚುನೂರು ಮಾಡಿತ್ತು ಇದೇ. ಆಮೇಲೆ ಅದೂ ಸುಸ್ತಾಗಿ ತನ್ನ ದಾರಿ ಹಿಡೀತು. ನಾವೂ ಹಿಡೀತೀವಿ ಮಗಳೇ" ಎನ್ನುತ್ತಿದ್ದೆ. ಕೆಳಗೆ ಅಡುಗೆಮನೆಯಲ್ಲಿ ಅಮ್ಮ ಗುಬ್ಬಿಯ ಲೋಟವನ್ನು ತೊಳೆದು, ಒರೆಸಿ, ಮತ್ತೆ ತೊಳೆಯುತ್ತಿದ್ದ ಕಾಲ ಅದು. ನಿನ್ನ ಮಾತು ಕೇಳಿ, ಅಮ್ಮನೂ ಆ ನಕ್ಷತ್ರದ ಹಾಗೆ ಸಾಧುವಾಗುವುದನ್ನು ನಾನು ಕಾಯುತ್ತಿದ್ದೆ.

ನಾನು ಸ್ಕೂಲು ಬಿಟ್ಟಿದ್ದರ ಬಗ್ಗೆಯೂ ಸರಿಯಾಗಿ ಬರೆಯಬೇಕು. ಒಂಬತ್ತನೇ ಕ್ಲಾಸಿನಲ್ಲಿ ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲೆ ಗ್ರಹಗಳ ದಾರಿಯನ್ನು ದುಂಡಗೆ ಬರೆದರು. ನಾನು ಎದ್ದು ಶುಕ್ರ ಮೊದಲು ಅಲ್ಲಿರಲಿಲ್ಲ ಸಾರ್ ಎಂದೆ. "ಯಾರಮ್ಮ ಹೇಳಿದ್ದು?" "ನಮ್ಮಪ್ಪ ಸಾರ್. ಮ್ಯೂಸಿಯಂನಲ್ಲಿದಾರೆ." "ಓಹೋ, ಅಲ್ಲಿ ಏನು ಮಾಡ್ತಾರೆ?" "ಕುರ್ಚಿ ಮೇಲೆ ಕೂತಿರ್ತಾರೆ." ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ನನ್ನ ಹೆಸರು ಧೂಮಕೇತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗ ಮೇಷ್ಟ್ರ ಉತ್ತರ ಬರೆಯಲು ಮನಸ್ಸು ಬರಲಿಲ್ಲ, ಜಾಗ ಖಾಲಿ ಬಿಟ್ಟೆ. ನಿನ್ನ ಕಥೆಗಳಿಂದಲೇ ಹುಡುಗಿ ಓದು ಬಿಟ್ಟಳು ಎಂದು ಅಮ್ಮ ನಿನ್ನನ್ನು ಎಷ್ಟು ವರ್ಷ ಚುಚ್ಚಿದಳು! ಅದು ಸುಳ್ಳು. ನಕ್ಕಿದ್ದಕ್ಕಲ್ಲ ನಾನು ಬಿಟ್ಟಿದ್ದು. ಬೆಂಚಿನ ಕೆಳಗೆ ನನ್ನ ಕಾಲು ನಿಲ್ಲುತ್ತಿರಲಿಲ್ಲ. ಗಂಟೆ ಹೊಡೆಯುವವರೆಗೆ ಕಿಟಕಿಯ ಸರಳು ಎಣಿಸುತ್ತಿದ್ದೆ. ಶುಕ್ರ ಎಲ್ಲಿದ್ದರೂ ನಾನು ಬಿಡುತ್ತಿದ್ದೆ.

ಹದಿನೆಂಟಕ್ಕೆ ಮ್ಯೂಸಿಯಂನ ದುರಸ್ತಿ ಕೋಣೆಗೆ ಸೇರಿದೆ. ಅಲ್ಲಿನ ಮೇಡಂ ನನ್ನ ಅಂಕಪಟ್ಟಿ ಕೇಳಲಿಲ್ಲ, ಕೈ ನಡುಗುತ್ತದಾ ಎಂದು ನೋಡಿದರು. ಕಡ್ಡಿಗೆ ಹತ್ತಿ ಸುತ್ತಿ, ಶುದ್ಧ ನೀರಲ್ಲಿ ಅದ್ದಿ, ಕಲ್ಲಿನ ಮೇಲೆ ಉರುಳಿಸುವುದು ನನ್ನ ಕೆಲಸ. ಉಜ್ಜಬಾರದು, ಉರುಳಿಸಬೇಕು. ಬಳಸಿದ ಹತ್ತಿಯನ್ನು ಬಿಳಿ ತಟ್ಟೆಯಲ್ಲಿ ಸಾಲಾಗಿ ಇಡಬೇಕು, ಬಣ್ಣ ಬದಲಾದರೆ ತಿಳಿಯಲೆಂದು. ಮಾರನೇ ವರ್ಷ ಗೋಡೆಯ ತೇವಕ್ಕೆ ನಿನ್ನ ಕಲ್ಲಿನ ಮೇಲೆ ಉಪ್ಪು ಬೆಳ್ಳಗೆ ಎದ್ದಿತು. ಕಲ್ಲನ್ನು ನಮ್ಮ ಕೋಣೆಗೆ ತಂದರು. ನಾಲ್ಕು ಜನ ಹೊತ್ತಿದ್ದರು, ನೀನು ಮದುವೆ ಮನೆಯಿಂದ ಮಗಳನ್ನು ಕಳಿಸುವವನ ಹಾಗೆ ಹಿಂದೆ ಹಿಂದೆ ಬಂದೆ. "ಮೆಲ್ಲಗೆ ಕಣ್ರೋ" ಎಂದು ಹತ್ತು ಸಲ ಹೇಳಿದೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಬಾಲ ಹುಷಾರು" ಎಂದೆ.

ಬಾಲಕ್ಕೆ ಬಂದಾಗ ಮೊದಲ ಆರು ಹತ್ತಿ ಬರೀ ಧೂಳು. ಏಳನೆಯದು ಬೂದು ಬಣ್ಣಕ್ಕೆ ತಿರುಗಿತು. ಕಲ್ಲು ಬಣ್ಣ ಬಿಡುವುದಿಲ್ಲ ಅಪ್ಪ. ಮೇಡಂ ಆಗ ಹೊರಗೆ ಹೋಗಿದ್ದರು. ಅಲ್ಲೇ ನಿಲ್ಲಿಸಬಹುದಿತ್ತು, ಹತ್ತಿಯನ್ನು ಬುಟ್ಟಿಗೆ ಹಾಕಬಹುದಿತ್ತು. ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಅವರು ಬಂದ ಮೇಲೆ ನಾನೇ ತೋರಿಸಿದೆ. ಯಾವಾಗಲೋ ಕಲ್ಲು ಒಡೆದಿತ್ತು. ಯಾರೋ ಜೋಡಿಸಿ, ಬಿರುಕಿಗೆ ಗಾರೆ ತುಂಬಿ, ಉಬ್ಬಿದ್ದನ್ನು ನುಣುಪು ಮಾಡಿ, ಕಲ್ಲಿನದೇ ಬಣ್ಣ ಬಳಿದಿದ್ದರು. ಅಷ್ಟು ಚೆನ್ನಾಗಿ ಮಾಡಿದ್ದರಿಂದ ಅದು ನೋಡುವವರ ಕಣ್ಣಿಗೆ ಬಾಲವಾಗಿತ್ತು. ಗಾರೆ ಉಪ್ಪು ಬಿಡುತ್ತಿದೆ, ತೆಗೆಯಲೇಬೇಕು ಎಂದರು ಮೇಡಂ. "ನಿಮ್ಮಪ್ಪಂಗೆ ನಾನು ಹೇಳ್ಲಾ?" ಎಂದೂ ಕೇಳಿದರು. ಬೇಡ, ನಾನೇ ಹೇಳ್ತೀನಿ ಎಂದೆ. ಗಾರೆ ತೆಗೆದ ಮೇಲೆ ಮೂರು ದಿನ ಭೂತಗನ್ನಡಿ ಹಿಡಿದು ಆ ಬಿರುಕಿನ ಎರಡೂ ಅಂಚು ಹುಡುಕಿದೆ. ಒಂದೇ ಒಂದು ಉಳಿಯ ಗುರುತು ಸಿಗಲಿಲ್ಲ.

ನಾಲ್ಕನೇ ದಿನ ಊಟದ ಹೊತ್ತಿಗೆ ನಿನ್ನನ್ನು ಕರೆದೆ. ನೀನು ಡಬ್ಬಿ ಹಿಡಿದುಕೊಂಡೇ ಬಂದೆ. ಕಲ್ಲು ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. "ನಿನ್ನ ಕೈಯಲ್ಲೇ ಹೋಯ್ತಾ?" "ಹೂಂ." "ಕೆಳಗೆ ಏನೂ ಇರ್ಲಿಲ್ವಾ? ಸಣ್ಣದೊಂದು ಗೆರೆ?" "ಬಿರುಕಿತ್ತು ಅಪ್ಪ." "ಸರಿಯಾಗಿ ನೋಡಿದ್ಯಾ?" "ಮೂರು ದಿನ ನೋಡಿದೆ." ನೀನು ಸ್ಟೂಲಿನ ಮೇಲೆ ಕೂತೆ. ಕಲ್ಲಿನ ಕಡೆಯೇ ನೋಡುತ್ತಾ, "ನಿಮ್ಮಮ್ಮ ಹೇಳೋದೇ ಸರಿಯೇನೋ. ನನ್ನ ಮಾತು ನಂಬ್ಕೊಂಡು ನೀನು ಓದು ಹಾಳು ಮಾಡ್ಕೊಂಡೆ. ನಂಬಿದ್ದೆ ಅಲ್ವಾ?" ಎಂದೆ.

ಆಗ ನಾನು ಹೇಳಿದೆ: "ಇಲ್ಲಪ್ಪ. ನಾನು ಯಾವತ್ತೂ ನಂಬಿರಲಿಲ್ಲ. ಸುಮ್ನೆ ಕೇಳಿಸ್ಕೊಳ್ತಿದ್ದೆ."

ನಿನ್ನ ಮೇಲಿನ ಭಾರ ಇಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಸುಳ್ಳು ಹೇಳುವವಳಲ್ಲ ಎಂದು ನಿನಗೆ ಗಟ್ಟಿಯಾಗಿ ಗೊತ್ತಿತ್ತು, ಅದಕ್ಕೇ ಮರುಮಾತು ಕೇಳಲಿಲ್ಲ. ಬಾಲ ಹೋದದ್ದನ್ನು ನೋಡಿದಾಗಲೂ ನಿನ್ನ ಮುಖ ಅಷ್ಟು ಬಾಡಿರಲಿಲ್ಲ. ಹನ್ನೊಂದು ವರ್ಷ ನಿನ್ನ ಕಾಲ ಬಳಿ ಕೂತವಳು ಒಬ್ಬಳು, ಅವಳನ್ನೂ ನಾನು ಒಂದು ಮಾತಿನಲ್ಲಿ ಅಳಿಸಿದೆ. "ಹಾಗಾದ್ರೆ ಒಳ್ಳೇದಾಯ್ತು ಬಿಡು" ಎಂದು ನೀನು ಎದ್ದು ಹೋದೆ. ಡಬ್ಬಿ ಬಿಚ್ಚದೆಯೇ ಮನೆಗೆ ಬಂತು.

ಆಮೇಲೆ ನೀನು ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡೆ. ನಾಣ್ಯದ ಅಂಕಲ್ ಎಂದಿನಂತೆ ಇಣುಕಿ ಕೇಳಿದರೆ, "ಎಲ್ಲಾ ಅವುಗಳ ಜಾಗದಲ್ಲೇ ಇವೆ" ಎಂದೆಯಂತೆ. ಅವರು ಮತ್ತೆ ಕೇಳಲಿಲ್ಲ. ಎಂಟು ತಿಂಗಳಾದ ಮೇಲೆ ಉಸಿರಾಟದ ತೊಂದರೆ ಎಂದು ನಿನ್ನನ್ನು ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನ ನಿನ್ನ ಮಂಚದ ಪಕ್ಕ ಕೂತೆ. ಒಂಬತ್ತು ದಿನವೂ ಆ ಮಾತು ನಾಲಗೆಯ ತುದಿಗೆ ಬಂತು. ಹೇಳಿದರೆ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಳ್ಳಬೇಕಿತ್ತು. ನಾನು ನಿಜ ಹೇಳುವವಳು ಎಂಬ ಜಂಬ ನನಗೆ ನಿನಗಿಂತ ದೊಡ್ಡದಾಗಿತ್ತು. ಕ್ಷಮಿಸು ಎಂದು ಬರೆಯುವುದಿಲ್ಲ. ಕ್ಷಮಿಸಲು ನೀನಿಲ್ಲ.

ನಾನು ನಂಬಿದ್ದೆ ಅಪ್ಪ. ಎಂಟನೇ ವಯಸ್ಸಿನಿಂದ, ಆ ಏಳನೆಯ ಹತ್ತಿ ಬೂದಾಗುವವರೆಗೆ, ಒಂದು ದಿನವೂ ಬಿಡದೆ ನಂಬಿದ್ದೆ. ನಂಬದವಳು ಇಲ್ಲದ ಗೆರೆಯನ್ನು ಮೂರು ದಿನ ಹುಡುಕುತ್ತಾಳಾ? ಈಗ ನಂಬುವುದಿಲ್ಲ. ನಿನಗೆ ಸಮಾಧಾನವಾಗಲೆಂದು ನಂಬುತ್ತೇನೆ ಎಂದು ಬರೆದರೆ ಅದು ಎರಡನೇ ಸುಳ್ಳಾಗುತ್ತದೆ.

ಆದರೆ ಕಲ್ಲಿನ ದಾಖಲೆಯನ್ನು ಬರೆಯಲು ಮೇಡಂ ಹೋದ ವಾರ ನನಗೇ ಹೇಳಿದರು. 'ಬಾಲ: ಹಿಂದಿನ ದುರಸ್ತಿಯ ಗಾರೆ, ತೆಗೆಯಲಾಗಿದೆ. ನಕ್ಷತ್ರ ಮತ್ತು ಏಳು ಆಕೃತಿಗಳು: ಮೂಲ ಕೆತ್ತನೆ' ಎಂದು ಬರೆದೆ. ಬರೆಯುವ ಮೊದಲು ಭೂತಗನ್ನಡಿಯಲ್ಲಿ ಮತ್ತೊಮ್ಮೆ ನೋಡಿದೆ. ಇಡೀ ಕಲ್ಲಿನಲ್ಲಿ ಉಳಿ ಆಳಕ್ಕೆ ಹೋಗಿರುವುದು ಆ ಎತ್ತಿದ ಕೈಗಳಲ್ಲಿ. ಮಗುವಿನ ಕೈಗಳಲ್ಲಿ ಎಲ್ಲಕ್ಕಿಂತ ಆಳ. ಅವರು ಏನನ್ನೋ ಕಂಡಿದ್ದರು. ಏನೆಂದು ನನಗೆ ಗೊತ್ತಿಲ್ಲ. ಕೆತ್ತಿದವನಿಗೆ ಪದ ಸಾಲದೆ ಹೋಗಿರಬೇಕು.

ಅವತ್ತು ಬೀದಿಯ ತುದಿಯಲ್ಲಿ ಆಕಾಶ ಕೆಳಗೆ ಬಂತು. ನಿನ್ನ ಹೇಳಿಕೆಯನ್ನು ನೀನು ಹೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ. ನನ್ನದನ್ನೂ ಬರೆದಿದ್ದೇನೆ. ಎರಡಕ್ಕೂ ಸೇರಿಸಿ ಸಹಿ ಹಾಕುತ್ತಿದ್ದೇನೆ.

ಇನ್ನು ನಿನ್ನ ದಾರಿ ಹಿಡಿದು ಸಾಧುವಾಗಿ ಹೋಗು ಅಪ್ಪ. ಬೆಳಿಗ್ಗೆ ಟೆರೇಸಿಗೆ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ.

ನಿನ್ನ ಕಾಲ ಬಳಿ ಕೂತು ಎಲ್ಲವನ್ನೂ ನಂಬಿದ್ದ
ನಿನ್ನ ಮಗಳು